ಹುಲ್ಲು, ಕತ್ತಿ, ಕಾಣದ ಬೇಲಿ

ಅಮ್ಮನನ್ನು ಮೊದಲ ಸಲ ಬೆಂಗಳೂರಿಗೆ ಕರೆದುಕೊಂಡು ಹೋದದ್ದು ನಾನು ಬಿ.ಎಡ್. ಓದುತ್ತಿದ್ದ ವರ್ಷ. ಲಾಲ್‌ಬಾಗಿನಲ್ಲಿ ಅವಳು ಗಾಜಿನ ಮನೆಯನ್ನು ಸರಿಯಾಗಿ ನೋಡಲೇ ಇಲ್ಲ. ಅದರ ಮುಂದೆ ಹಾಸಿದಂತೆ ಬೆಳೆದಿದ್ದ ಹುಲ್ಲನ್ನು ನೋಡುತ್ತ ನಿಂತುಬಿಟ್ಟಳು. ಮಾಲಿಯೊಬ್ಬ ಎರಡು ಗಾಲಿಯ ಯಂತ್ರವನ್ನು ತಳ್ಳಿಕೊಂಡು ಹೋಗುತ್ತಿದ್ದ. ಹುಲ್ಲಿನ ತುಣುಕುಗಳು ಹಾರಿ ಬೀಳುತ್ತಿದ್ದವು.

“ಇಷ್ಟು ಹುಲ್ಲು ಬೆಳೆಸಿದ್ದಾರಲ್ಲ, ದನ ಎಲ್ಲಿ ಕಟ್ಟುತ್ತಾರೆ?” ಎಂದು ಕೇಳಿದಳು.

“ದನ ಇಲ್ಲಮ್ಮ, ಇದು ನೋಡಲಿಕ್ಕೆ ಮಾತ್ರ” ಎಂದೆ.

“ನೋಡಲಿಕ್ಕಾದರೆ ಕೊಯ್ಯುವುದು ಯಾಕೆ?”

ಪೇಟೆಯ ವಿಷಯ ಹಳ್ಳಿಯವರಿಗೆ ತಿಳಿಯುವುದಿಲ್ಲ ಎಂಬ ಆ ವಯಸ್ಸಿನ ಜಂಭದಲ್ಲಿ ನಾನು ನಕ್ಕು ಮುಂದೆ ನಡೆದೆ. ಅವಳ ಪ್ರಶ್ನೆ ಹಾಸ್ಯದ್ದಾಗಿರಲಿಲ್ಲ. ಸಾಗರ ಸೀಮೆಯ ನಮ್ಮ ಮನೆಯಲ್ಲಿ ಹುಲ್ಲೆಂದರೆ ಹಾಲು, ಗೊಬ್ಬರ, ಅಡಿಕೆ ತೋಟದ ಜೀವ. ಮಳೆಗಾಲದ ನಾಲ್ಕು ತಿಂಗಳೂ ಅಮ್ಮ ಬೆಳಕು ಹರಿಯುವ ಮುಂಚೆ ಕಂಬಳಿಕೊಪ್ಪೆ ಹಾಕಿಕೊಂಡು, ಕತ್ತಿ ಹಿಡಿದು ತೋಟದ ಬದುವಿಗೆ ಇಳಿಯುತ್ತಿದ್ದಳು. ತಲೆಯ ಮೇಲೆ ಸಿಂಬೆ, ಅದರ ಮೇಲೆ ನೀರು ಸೋರುವ ಹಸಿಹುಲ್ಲಿನ ಹೊರೆ, ಕಾಲಿನಲ್ಲಿ ಉಂಬಳ ಕಚ್ಚಿದ ರಕ್ತ. ಬೇಸಗೆಗೆ ಬ್ಯಾಣದ ಕರಡ ಕೊಯ್ದು ಒಟ್ಟಬೇಕು. ಎಡಗೈಯ ತೋರುಬೆರಳಿನ ತುದಿಯನ್ನು ಒಂದು ವರ್ಷ ಕತ್ತಿ ತೆಗೆದುಕೊಂಡಿತ್ತು. ಯಾರ ಹೊಟ್ಟೆಗೂ ಹೋಗದ ಹುಲ್ಲನ್ನು ಮನುಷ್ಯ ಬೆಳೆಸಿ ಕೊಯ್ಯುತ್ತಾನೆ ಎಂದರೆ ಅವಳಿಗೆ ಅರ್ಥವಾಗುವುದು ಹೇಗೆ?

ಆ ಪ್ರಶ್ನೆ ಐವತ್ತು ವರ್ಷದ ಮೇಲೆ ನನ್ನನ್ನು ಹುಡುಕಿಕೊಂಡು ಸ್ವೀಡನ್ ದೇಶದವರೆಗೆ ಬಂದಿತು. ಅದನ್ನು ಹೇಳಲಿಕ್ಕಾಗಿಯೇ ಈ ಬರಹ.

ನನ್ನ ಮಗಳು, ಅಳಿಯ ಇರುವುದು ಯೊನ್‌ಶೊಪಿಂಗ್ ಎಂಬ ಊರಿನಲ್ಲಿ. ವೆಟ್ಟರ್ನ್ ಎಂಬ ದೊಡ್ಡ ಸರೋವರದ ದಕ್ಷಿಣದ ತುದಿಯಲ್ಲಿರುವ ಈ ಊರು ಒಂದು ಕಾಲದಲ್ಲಿ ಬೆಂಕಿಪೊಟ್ಟಣಕ್ಕೆ ಲೋಕಪ್ರಸಿದ್ಧವಾಗಿತ್ತು. ನಮ್ಮ ದೇಶದಲ್ಲಿ 1923ರಲ್ಲಿ ವಿಮ್ಕೊ ಬೆಂಕಿಪೊಟ್ಟಣದ ಕಂಪನಿಯನ್ನು ಹುಟ್ಟುಹಾಕಿದವರೂ ಸ್ವೀಡನ್ನಿನವರೇ. ಹೆಂಡತಿ ತೀರಿಕೊಂಡ ಮೇಲೆ ನಾನು ಪ್ರತಿ ಬೇಸಗೆಯಲ್ಲಿ ಮೂರು ತಿಂಗಳು ಅಲ್ಲಿಗೆ ಹೋಗುವ ರೂಢಿಯಾಗಿದೆ. ಭಾಷೆ ಬರುವುದಿಲ್ಲ, ಕಾರು ಓಡಿಸಲು ಬರುವುದಿಲ್ಲ, ಅಡುಗೆಮನೆಯ ಯಂತ್ರಗಳ ಗುಂಡಿಗಳು ಅರ್ಥವಾಗುವುದಿಲ್ಲ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದ ಮನುಷ್ಯನಿಗೆ ಆ ಮನೆಯಲ್ಲಿ ಸಿಕ್ಕ ಉದ್ಯೋಗ ಒಂದೇ: ವಾರಕ್ಕೊಮ್ಮೆ ಹಿತ್ತಿಲಿನ ಹುಲ್ಲು ಕತ್ತರಿಸುವುದು. ಪೆಟ್ರೋಲಿನ ಯಂತ್ರವನ್ನು ತಳ್ಳಿಕೊಂಡು ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬಂದರೆ, ಉತ್ತಿದ ಗದ್ದೆಯಂತೆ ಸಾಲುಗಳು ಮೂಡುತ್ತಿದ್ದವು. ಪಕ್ಕದ ಮನೆಯ ಮುದುಕರು ಬೇಲಿಯಾಚೆಯಿಂದ ಕೈ ಎತ್ತಿ ಮೆಚ್ಚುಗೆ ತೋರಿಸುತ್ತಿದ್ದರು. ಆ ದಿನ ರಾತ್ರಿ ನಾನು ಉಣ್ಣುವ ಅನ್ನ ನನ್ನದೇ ಸಂಪಾದನೆಯದು ಎನಿಸುತ್ತಿತ್ತು.

2023ರ ಜುಲೈ ತಿಂಗಳಲ್ಲಿ ಹೀಗೆ ತಳ್ಳುತ್ತಿರುವಾಗಲೇ ತಲೆ ತಿರುಗಿ ಕೂತುಬಿಟ್ಟೆ. ದೊಡ್ಡದೇನೂ ಆಗಲಿಲ್ಲ. ಆದರೆ ಮಗಳು ಹೆದರಿದಳು. ಮರುವರ್ಷ ನಾನು ಹೋಗುವಷ್ಟರಲ್ಲಿ ಹಜಾರದಲ್ಲಿ ಒಂದು ದೊಡ್ಡ ಪೆಟ್ಟಿಗೆ ಬಂದು ಕೂತಿತ್ತು. “ಅಪ್ಪಾ, ಇನ್ನು ಮೇಲೆ ನೀನು ಆರಾಮಾಗಿ ಕುರ್ಚಿ ಹಾಕಿಕೊಂಡು ಕೂತಿರು. ಹುಲ್ಲನ್ನು ಇದೇ ಕತ್ತರಿಸುತ್ತದೆ” ಎಂದಳು. ಅದು ತಾನಾಗಿಯೇ ಓಡಾಡಿ ಹುಲ್ಲು ಕತ್ತರಿಸುವ ರೋಬಾಟ್ ಯಂತ್ರ.

ನಾನು ಒಳ್ಳೆಯದಾಯಿತು ಎಂದೆ. ಅವತ್ತು ಊಟಕ್ಕೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮಗಳು ನನ್ನ ಒಳ್ಳೆಯದಕ್ಕೇ ಮಾಡಿದ್ದಾಳೆ ಎಂದು ಬುದ್ಧಿಗೆ ಗೊತ್ತಿತ್ತು. ಆದರೂ ಮೇಷ್ಟರ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡಂತಾಗಿತ್ತು.

ಯಂತ್ರವನ್ನು ಆರಿಸಿದ್ದು ಅಳಿಯ. ಅವನು ಹೇಳಿದ್ದನ್ನು ಕೇಳಿದಾಗ, ಇದು ಹೆಣ್ಣು ನೋಡುವುದಕ್ಕಿಂತ ಕಷ್ಟದ ಕೆಲಸ ಎನ್ನಿಸಿತು. ಮೊದಲಿಗೆ ಜಾಗದ ಅಳತೆ. ಅವರ ಹಿತ್ತಿಲು ಆರುನೂರು ಚದರ ಮೀಟರ್. ಪೆಟ್ಟಿಗೆಯ ಮೇಲೆ ಆರುನೂರು ಎಂದು ಬರೆದ ಯಂತ್ರ ತೆಗೆದುಕೊಂಡರೆ ಅದು ಹಗಲೆಲ್ಲ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಸಾವಿರ ಎಂದು ಬರೆದದ್ದನ್ನು ಕೊಂಡರೆ ಕೆಲಸವೂ ಆದೀತು, ಬಿಡುವೂ ಸಿಕ್ಕೀತು. ಎರಡನೆಯದು ಇಳಿಜಾರು. ಸಾಧಾರಣ ಯಂತ್ರಗಳು ಹತ್ತು ಅಡಿಗೆ ಮೂರು, ಮೂರೂವರೆ ಅಡಿ ಏರುವ ದಿಬ್ಬವನ್ನು ಹತ್ತುತ್ತವೆ. ಅದಕ್ಕಿಂತ ಕಡಿದಾದರೆ, ಅದರಲ್ಲೂ ಹುಲ್ಲು ಒದ್ದೆಯಾಗಿದ್ದರೆ, ಗಾಲಿ ಜಾರುತ್ತದೆ. ಮೂರನೆಯದು ಜಾಗದ ಆಕಾರ. ಮನೆಯ ಮುಂದಣ ಹುಲ್ಲಿಗೂ ಹಿಂದಣ ಹುಲ್ಲಿಗೂ ನಡುವೆ ಇರುವ ಓಣಿ ಇಕ್ಕಟ್ಟಾದರೆ ಕೆಲವು ಯಂತ್ರಗಳಿಗೆ ದಾರಿ ಸಿಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇಲಿಯದು. ತನ್ನ ಎಲ್ಲೆ ಯಾವುದು ಎಂದು ಯಂತ್ರಕ್ಕೆ ತಿಳಿಯಬೇಕಲ್ಲ? ಹಳೆಯ ಕ್ರಮವೆಂದರೆ ಜಾಗದ ಸುತ್ತ ಒಂದು ತಂತಿ ಎಳೆಯುವುದು. ಹೊಸ ಕ್ರಮದಲ್ಲಿ ತಂತಿಯೇ ಇಲ್ಲ. ಆಕಾಶದ ಉಪಗ್ರಹಗಳನ್ನು ಕೇಳಿ, ಮನೆಯಂಗಳದಲ್ಲಿ ನೆಟ್ಟ ಒಂದು ಆಂಟೆನಾದಿಂದ ಲೆಕ್ಕ ತಿದ್ದಿಕೊಂಡು, ಯಂತ್ರ ತಾನು ನಿಂತ ಜಾಗವನ್ನು ಕೆಲವೇ ಅಂಗುಲಗಳ ಒಳಗೆ ಗುರುತಿಸಿಕೊಳ್ಳುತ್ತದೆ. ಕೆಲವಕ್ಕೆ ಕ್ಯಾಮರಾ ಕಣ್ಣೂ ಇರುತ್ತದೆ. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ದೊಡ್ಡ ಮರದ ಅಡಿಯಲ್ಲಿ, ಎತ್ತರದ ಗೋಡೆಯ ಮಗ್ಗುಲಲ್ಲಿ ಅದು ದಿಕ್ಕು ತಪ್ಪುತ್ತದೆ. ಮಗಳ ಹಿತ್ತಿಲಿನಲ್ಲಿ ಎರಡು ದೊಡ್ಡ ಬರ್ಚ್ ಮರಗಳೂ ಒಂದು ಮುದಿ ಸೇಬಿನ ಮರವೂ ಇವೆ. ಆದ್ದರಿಂದ ಅಳಿಯ ತಂತಿಯದನ್ನೇ ತಂದಿದ್ದ.

ತಂತಿ ಎಳೆಯಲು ನಾಲ್ಕು ಕೈ ಬೇಕು. “ಮಾವ, ನೀವು ಸ್ವಲ್ಪ ಸುರುಳಿ ಹಿಡಿದುಕೊಳ್ಳಿ” ಎಂದು ಅವನು ಕರೆದ. ನನ್ನನ್ನು ಕೆಲಸದಿಂದ ತೆಗೆಯುವ ಕೆಲಸಕ್ಕೆ ನಾನೇ ಆಳಾದೆ!

ಎರಡು ದಿನ ಹಿಡಿಯಿತು. ಮೊದಲು ಹಳೆಯ ಯಂತ್ರದಿಂದ ಹುಲ್ಲನ್ನು ಗಿಡ್ಡ ಮಾಡಿಕೊಂಡೆವು. ಉದ್ದ ಹುಲ್ಲಿನಲ್ಲಿ ಈ ಸಣ್ಣ ಯಂತ್ರ ಸಿಕ್ಕಿಬೀಳುತ್ತದೆ. ಆಮೇಲೆ ಅದರ ಗೂಡಿಗೆ ಜಾಗ ನೋಡಿದೆವು. ಅದು ಬ್ಯಾಟರಿ ತುಂಬಿಸಿಕೊಳ್ಳಲು ಬಂದು ನಿಲ್ಲುವ ಕೊಟ್ಟಿಗೆ. ಸಮತಟ್ಟಾಗಿರಬೇಕು, ನೆರಳಿದ್ದರೆ ಒಳ್ಳೆಯದು, ಎದುರಿಗೆ ನೇರವಾಗಿ ಬಂದು ಸೇರಲು ಒಂದೆರಡು ಮಾರು ತೆರಪು ಬೇಕು. ಅಲ್ಲಿಂದ ಹೊರಟ ತಂತಿ ಹಿತ್ತಿಲನ್ನೆಲ್ಲ ಸುತ್ತಿ ಅಲ್ಲಿಗೇ ಬಂದು ಸೇರಬೇಕು. ಎರಡೆರಡು ಅಡಿಗೆ ಒಂದು ಪ್ಲಾಸ್ಟಿಕ್ ಗೂಟ ಹೊಡೆದು ತಂತಿಯನ್ನು ನೆಲಕ್ಕೆ ಕಚ್ಚಿಸುವುದು. ಗೋಡೆಯಿದ್ದ ಕಡೆ ಒಂದು ಅಡಿಗಿಂತ ತುಸು ಹೆಚ್ಚು ಒಳಗೆ. ಹಾಸುಗಲ್ಲು ನೆಲಕ್ಕೆ ಸಮವಾಗಿದ್ದ ಕಡೆ ನಾಲ್ಕು ಬೆರಳಗಲ ಸಾಕು, ಏಕೆಂದರೆ ಅಲ್ಲಿ ಗಾಲಿ ಕಲ್ಲಿನ ಮೇಲೆ ಹಾಯಬಹುದು. ಕೆಲವು ವಾರಗಳಲ್ಲಿ ಹುಲ್ಲು ತಂತಿಯನ್ನು ಮುಚ್ಚಿಬಿಡುತ್ತದೆ.

ತಂತಿಯಲ್ಲಿ ಹರಿಯುವುದು ಮುಟ್ಟಿದರೂ ಏನೂ ಆಗದಷ್ಟು ಸಣ್ಣ ವಿದ್ಯುತ್ತು. ಅದರ ಸುತ್ತ ಹುಟ್ಟುವ ಕಾಂತಕ್ಷೇತ್ರ ತಂತಿಯ ಒಳಗಡೆ ಒಂದು ದಿಕ್ಕಿನಲ್ಲಿದ್ದರೆ ಹೊರಗಡೆ ಅದಕ್ಕೆ ಎದುರು ದಿಕ್ಕಿನಲ್ಲಿರುತ್ತದೆ. ಯಂತ್ರ ಅದನ್ನು ಗ್ರಹಿಸಿ, ಎಲ್ಲೆ ದಾಟಿದೆ ಎಂದು ತಿಳಿದು, ಹಿಂದೆ ಸರಿದು ಬೇರೊಂದು ಕಡೆ ಹೊರಡುತ್ತದೆ. ನಡುವೆ ಹೂವಿನ ಪಾತಿಯಿದ್ದರೆ ತಂತಿಯನ್ನು ಅಲ್ಲಿಗೆ ಒಯ್ದು, ಪಾತಿಯನ್ನು ಸುತ್ತಿಸಿ, ಹೋದ ದಾರಿಯಲ್ಲೇ ಒತ್ತಿ ವಾಪಸು ತರಬೇಕು. ಜೋಡಿಯಾಗಿ ಹೋಗಿ ಬರುವ ಆ ಎರಡೆಳೆಗಳ ಬಲ ಒಂದನ್ನೊಂದು ಅಳಿಸಿಹಾಕುವುದರಿಂದ ಯಂತ್ರ ಅದರ ಮೇಲೆ ಏನೂ ಇಲ್ಲವೆಂಬಂತೆ ದಾಟಿಹೋಗುತ್ತದೆ. ಇದನ್ನು ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಜಾಣತನಕ್ಕೆ ತಲೆದೂಗದಿದ್ದರೆ ಮೇಷ್ಟರಾಗಿ ಏನು ಪ್ರಯೋಜನ?

ಮೊಣಕಾಲೂರಿ ಗೂಟ ಹೊಡೆಯುತ್ತಿರುವಾಗ ನಮ್ಮ ಕಡೆಯ ಅಗಳ ನೆನಪಾಯಿತು. ಮಲೆನಾಡಿನಲ್ಲಿ ತೋಟದ ಸುತ್ತ ಬೇಲಿಯ ಬದಲು ಆಳವಾದ ಕಂದಕ ತೋಡುತ್ತಾರೆ. ದೂರದಿಂದ ನೋಡಿದರೆ ಏನೂ ಕಾಣುವುದಿಲ್ಲ; ಹತ್ತಿರ ಬಂದ ದನ ಅಂಚಿನಲ್ಲಿ ನಿಂತು ಹಿಂದಕ್ಕೆ ತಿರುಗುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಜಮೀನ್ದಾರರೂ ಇದನ್ನೇ ಮಾಡಿದ್ದರು. ಬಂಗಲೆಯ ಕಿಟಕಿಯಿಂದ ನೋಡಿದರೆ ಹಸಿರು ಹುಲ್ಲು ಎಡೆಬಿಡದೆ ಬೆಟ್ಟದವರೆಗೂ ಹರಿದಂತೆ ಕಾಣಬೇಕು, ಆದರೆ ಕುರಿ ದನಗಳು ಬಾಗಿಲಿಗೆ ಬರಬಾರದು. ಅದಕ್ಕೆ ಅವರು ಒಂದು ಮಗ್ಗುಲಿಗೆ ಗೋಡೆ ಕಟ್ಟಿದ ಕಂದಕ ತೋಡಿಸಿದರು. ಅದರ ಹೆಸರು ‘ಹಾಹಾ’. ಆಗ ಬಯಲಿನ ಹುಲ್ಲನ್ನು ಗಿಡ್ಡವಾಗಿಡುತ್ತಿದ್ದದ್ದು ಕುರಿಗಳ ಹಲ್ಲು. ಮನೆಯ ಹತ್ತಿರದ ನುಣುಪಾದ ಹುಲ್ಲಿಗೆ ಮಾತ್ರ ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳ ಸಾಲು. ಒಣಹುಲ್ಲಿಗೆ ಕತ್ತಿ ಹಿಡಿಯುವುದಿಲ್ಲವಾದ್ದರಿಂದ ಇಬ್ಬನಿ ಆರುವ ಮುಂಚೆ, ನಸುಕಿನಲ್ಲೇ ಕೊಯ್ಯಬೇಕು. ಕೊಯ್ದದ್ದನ್ನು ಗುಡಿಸಿ ಒಟ್ಟುವುದು ಹೆಂಗಸರ ಕೆಲಸ. ನಮ್ಮಮ್ಮ ಆ ಸಾಲಿನಲ್ಲಿ ನಿಂತಿದ್ದರೆ ಕೆಲಸದಲ್ಲಿ ಅವಳಿಗೆ ಹೊಸದೇನೂ ಕಾಣುತ್ತಿರಲಿಲ್ಲ. ಇಷ್ಟೆಲ್ಲ ಮಾಡಿಸುವುದು ಒಡೆಯನ ಕಣ್ಣಿಗಾಗಿ ಎಂಬುದೊಂದು ಹೊಸದು. ತನ್ನ ನೆಲದಲ್ಲಿ ಏನನ್ನೂ ಬೆಳೆಯದೆ ಬರಿಯ ಹುಲ್ಲು ಬಿಟ್ಟಿದ್ದೇನೆ, ಅದನ್ನು ಕೊಯ್ಯಲು ಕೂಲಿ ಕೊಡುತ್ತೇನೆ ಎಂದು ಲೋಕಕ್ಕೆ ತೋರಿಸುವುದೇ ಅಂದಿನ ದೊಡ್ಡಸ್ತಿಕೆ. ಅಮ್ಮನ ಪ್ರಶ್ನೆಗೆ ಲಾಲ್‌ಬಾಗಿನಲ್ಲಿ ನಾನು ಹೇಳಬೇಕಾಗಿದ್ದ ಉತ್ತರದ ಅರ್ಧ ಇದು.

ಉಳಿದ ಅರ್ಧ ಒಂದು ಬಟ್ಟೆ ಗಿರಣಿಯಲ್ಲಿದೆ.

ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನಲ್ಲಿ ಸ್ಟ್ರೌಡ್ ಎಂಬ ಊರು. ಅದರ ಕಣಿವೆಗಳ ತೊರೆಗಳ ಮೇಲೆ ಉಣ್ಣೆ ಬಟ್ಟೆಯ ಗಿರಣಿಗಳು ಸಾಲಾಗಿ ನಿಂತಿದ್ದವು. ಸಿಪಾಯಿಗಳ ಕೋಟಿಗೆ ಬೇಕಾದ ಕೆಂಪು ಬಟ್ಟೆಗೆ ಈ ಕಣಿವೆ ಹೆಸರಾಗಿತ್ತು. ನಾವು ಮಕ್ಕಳಿಗೆ ಪಾಠ ಮಾಡುವ ಕೆಂಪು ಕೋಟಿನ ಬ್ರಿಟಿಷ್ ಸೈನಿಕರನ್ನು ನೆನೆಸಿಕೊಂಡರೆ ಸಾಕು. ಉಣ್ಣೆ ಬಟ್ಟೆ ಮಗ್ಗದಿಂದ ಇಳಿದಾಗ ಅದರ ಮೈಯೆಲ್ಲ ನವಿರು ಎದ್ದಿರುತ್ತದೆ. ಅದನ್ನು ಸಮನಾಗಿ ಕತ್ತರಿಸಿದರೆ ಮಾತ್ರ ಬಟ್ಟೆ ನುಣುಪಾಗುತ್ತದೆ. ಹಿಂದೆ ಇದನ್ನು ಮಾಡುತ್ತಿದ್ದವರು ಕೈಯಲ್ಲಿ ಭಾರವಾದ ದೊಡ್ಡ ಕತ್ತರಿ ಹಿಡಿದ ಕುಶಲಿಗಳು. ಬಟ್ಟೆಯ ಕೆಲಸಗಾರರಲ್ಲೆಲ್ಲ ಹೆಚ್ಚು ಕೂಲಿ ಪಡೆಯುತ್ತಿದ್ದವರಲ್ಲಿ ಅವರೂ ಸೇರಿದ್ದರು. ಆ ಕೆಲಸಕ್ಕೆ ಯಂತ್ರ ಬಂದಾಗ ಅವರು ಸುಮ್ಮನಿರಲಿಲ್ಲ. 1802ರಲ್ಲಿ ನೆರೆಯ ವಿಲ್ಟ್‌ಶೈರಿನಲ್ಲಿ ಗಿರಣಿಗಳಿಗೆ ಬೆಂಕಿ ಬಿತ್ತು. 1812ರಲ್ಲಿ ಯಾರ್ಕ್‌ಶೈರಿನಲ್ಲಿ ಇದೇ ಕತ್ತರಿಯವರು ಯಂತ್ರಗಳನ್ನು ಒಡೆದರು. ಚರಿತ್ರೆಯಲ್ಲಿ ಲುಡ್ಡೈಟರು ಎಂದು ಹೆಸರಾದವರಲ್ಲಿ ಇವರೂ ಇದ್ದಾರೆ. ಗಲ್ಲು, ಗಡೀಪಾರುಗಳಾದವು. ಯಂತ್ರವೇ ಗೆದ್ದಿತು. ಒಂದು ಉರುಳೆಯ ಮೇಲೆ ತಿರುಚಿ ಸುತ್ತಿದ ಅಲಗುಗಳು ಗಿರ್ರನೆ ತಿರುಗುತ್ತ, ಕೆಳಗಿನ ಸ್ಥಿರವಾದ ಅಲಗಿಗೆ ತಾಗಿ ನವಿರನ್ನು ಕತ್ತರಿಸಿಹಾಕುತ್ತಿದ್ದವು.

ಈ ಯಂತ್ರವನ್ನು ಬಲ್ಲ ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ ಆ ಕಣಿವೆಯಲ್ಲಿದ್ದ. ಬಟ್ಟೆಯ ನವಿರನ್ನು ಕತ್ತರಿಸುವ ಉರುಳೆ ನೆಲದ ನವಿರಾದ ಹುಲ್ಲನ್ನು ಏಕೆ ಕತ್ತರಿಸಬಾರದು ಎಂದು ಅವನಿಗೆ ಹೊಳೆಯಿತು. ಜಾನ್ ಫೆರಾಬಿ ಎಂಬ ಎರಕದ ಕಾರ್ಖಾನೆಯ ಮಾಲೀಕ ಬಂಡವಾಳ ಹಾಕಿದ. ಜನ ಹುಚ್ಚನೆಂದಾರು ಎಂದು ಹೆದರಿ ಬಡ್ಡಿಂಗ್ ತನ್ನ ಯಂತ್ರವನ್ನು ರಾತ್ರಿಯ ಹೊತ್ತು ಪರೀಕ್ಷಿಸುತ್ತಿದ್ದನಂತೆ ಎಂದು ಆ ಊರಿನಲ್ಲಿ ಕಥೆ ಹೇಳುತ್ತಾರೆ. 1830ರ ಆಗಸ್ಟ್ 31ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ಹತ್ತೊಂಬತ್ತು ಅಂಗುಲ ಅಗಲದ, ಎರಕದ ಕಬ್ಬಿಣದ ಯಂತ್ರ. ಹಿಂದಿನ ಉರುಳೆ ನೆಲದ ಮೇಲೆ ಉರುಳಿದಂತೆ ಹಲ್ಲುಗಾಲಿಗಳ ಮೂಲಕ ಅಲಗಿನ ಉರುಳೆ ತಿರುಗುತ್ತಿತ್ತು. ಹಳ್ಳಿಯ ಸಾಹುಕಾರರು ಇದನ್ನು ತಾವೇ ತಳ್ಳಿದರೆ ಮೋಜೂ ಉಂಟು, ಮೈಗೆ ವ್ಯಾಯಾಮವೂ ಉಂಟು ಎಂಬ ಅರ್ಥದ ಮಾತನ್ನು ಬಡ್ಡಿಂಗ್ ಪೇಟೆಂಟಿನಲ್ಲಿಯೇ ಬರೆದುಕೊಂಡಿದ್ದಾನೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯ ಮೊದಲ ಗಿರಾಕಿಗಳಲ್ಲಿ ಒಂದು. ಕುಡುಗೋಲು, ಪೊರಕೆ ಹಿಡಿದ ಆರೆಂಟು ಜನರ ಕೆಲಸವನ್ನು ಈ ಯಂತ್ರ ಮಾಡುತ್ತದೆ ಎಂದು ಅಲ್ಲಿನ ಮೇಸ್ತ್ರಿ ಶಿಫಾರಸು ಕೊಟ್ಟ.

ಆರೆಂಟು ಜನ! ಚರಿತ್ರೆಯ ಮೇಷ್ಟರಿಗೆ ಇಂಥ ವಾಕ್ಯ ಸಿಕ್ಕಿದರೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಆ ಆರೆಂಟು ಜನ ಎಲ್ಲಿಗೆ ಹೋದರು?

ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ನನ್ನ ಹಳೆಯ ಚಟ. ಬಡ್ಡಿಂಗನಿಗೆ ಪೇಟೆಂಟ್ ಸಿಕ್ಕಿದ್ದು ಆಗಸ್ಟ್ 31. ಅದಕ್ಕೆ ಮೂರೇ ದಿನ ಮೊದಲು, 1830ರ ಆಗಸ್ಟ್ 28ರ ರಾತ್ರಿ, ಕೆಂಟ್ ಪ್ರಾಂತದ ಹಳ್ಳಿಯೊಂದರಲ್ಲಿ ಕೂಲಿಗಳು ಸೇರಿ ಒಕ್ಕಣೆಯ ಯಂತ್ರವೊಂದನ್ನು ಒಡೆದುಹಾಕಿದರು. ಚಳಿಗಾಲದಲ್ಲಿ ಅವರಿಗೆ ಅನ್ನ ಕೊಡುತ್ತಿದ್ದದ್ದು ಕೈಯಿಂದ ತೆನೆ ಬಡಿಯುವ ಕೆಲಸ. ಅದನ್ನು ಆ ಯಂತ್ರ ಕಸಿದುಕೊಂಡಿತ್ತು. ಕಿಡಿ ದಕ್ಷಿಣ ಇಂಗ್ಲೆಂಡಿಗೆಲ್ಲ ಹಬ್ಬಿತು. ‘ಕ್ಯಾಪ್ಟನ್ ಸ್ವಿಂಗ್’ ಎಂಬ ಇಲ್ಲದ ನಾಯಕನ ಹೆಸರಿನಲ್ಲಿ ಬೆದರಿಕೆಯ ಪತ್ರಗಳು ಹೋದವು. ಕೊನೆಗೆ ಹತ್ತೊಂಬತ್ತು ಜನರಿಗೆ ಗಲ್ಲಾಯಿತು. ಸುಮಾರು ಐನೂರು ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾದ ಕಡೆ ಕಳಿಸಿದರು. ಅದೇ 1830ರಲ್ಲಿ ನಮ್ಮ ಸೀಮೆಯಲ್ಲೂ ಕಂದಾಯದ ಕಾಟ ತಾಳಲಾರದೆ ನಗರದ ರೈತರು ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡರು. ಒಂದೇ ಇಸವಿಯಲ್ಲಿ ನಡೆದ ಮಾತ್ರಕ್ಕೆ ಒಂದಕ್ಕೊಂದು ಕಾರಣವಾಗುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಹುಲ್ಲಿನ ಯಂತ್ರಕ್ಕೂ ನಗರದ ದಂಗೆಗೂ ಸಂಬಂಧವಿಲ್ಲ. ಆದರೂ ಆ ವರ್ಷ ಲೋಕದಲ್ಲಿ ಎಷ್ಟೊಂದು ಕೈಗಳು ಅನ್ನಕ್ಕಾಗಿ ಮೇಲೆದ್ದಿದ್ದವು, ಅದೇ ವರ್ಷ ಸಾಹುಕಾರರ ವ್ಯಾಯಾಮಕ್ಕೆಂದು ಒಂದು ಯಂತ್ರ ಹುಟ್ಟಿತು ಎಂಬುದನ್ನು ಮಾತ್ರ ಮರೆಯಲಾರೆ.

ಮುಂದಿನದು ಸರಸರನೆ ನಡೆದ ಕಥೆ. 1842ರಲ್ಲಿ ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಶ್ಯಾಂಕ್ಸ್ ಕುದುರೆ ಎಳೆಯುವ ಯಂತ್ರ ಮಾಡಿದ. ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳಬಾರದೆಂದು ಕುದುರೆಗಳ ಕಾಲಿಗೆ ಚರ್ಮದ ಬೂಟು ಹಾಕುತ್ತಿದ್ದರು. ಆಳಿನ ಕಾಲು ಬರಿಗಾಲಾದರೂ ಕುದುರೆಗೆ ಬೂಟು ಎಂದು ನಾನು ಸೇರಿಸಿದರೆ ಅದು ಚರಿತ್ರೆಯಾಗುವುದಿಲ್ಲ, ಕುಹಕವಾಗುತ್ತದೆ. 1893ರಲ್ಲಿ ಜೇಮ್ಸ್ ಸಮ್ನರ್ ಎಂಬವನು ಉಗಿಯ ಯಂತ್ರಕ್ಕೆ ಪೇಟೆಂಟ್ ಪಡೆದ. 1902ರಲ್ಲಿ ರಾನ್‌ಸಮ್ಸ್ ಕಂಪನಿ ಪೆಟ್ರೋಲಿನದನ್ನು ಮಾರುಕಟ್ಟೆಗೆ ತಂದಿತು. ನಮ್ಮ ಊರುಗಳಲ್ಲಿ ಗುಡುಗುಡು ಎನ್ನುವ ಬುಲೆಟ್ ಬೈಕಿನ ಎನ್‌ಫೀಲ್ಡ್ ಕಂಪನಿ ಕೂಡ ಇಂಗ್ಲೆಂಡಿನಲ್ಲಿದ್ದಾಗ ಹುಲ್ಲಿನ ಯಂತ್ರ ಮಾಡಿ ಮಾರಿದೆ. ಯಂತ್ರ ಅಗ್ಗವಾದಂತೆ ದೊಡ್ಡಸ್ತಿಕೆಯೂ ಅಗ್ಗವಾಯಿತು. ಆಳು ಇಡಲಾಗದ ಗುಮಾಸ್ತನ ಮನೆಯ ಮುಂದೆಯೂ ಹುಲ್ಲಿನ ಹಾಸು ಬಂತು. ಟೆನಿಸ್ಸಿನಂಥ ಆಟಕ್ಕೆ ಅಂಗಳ ಸಿಕ್ಕಿತು. 1877ರಲ್ಲಿ ವಿಂಬಲ್ಡನ್ನಿನ ಮೊದಲ ಪಂದ್ಯಾವಳಿ ನಡೆಸಿದ್ದರ ಉದ್ದೇಶಗಳಲ್ಲಿ ಒಂದು, ಕ್ಲಬ್ಬಿನ ಕೆಟ್ಟುಹೋದ ಹುಲ್ಲಿನ ರೋಲರ್ ರಿಪೇರಿಗೆ ಹಣ ಕೂಡಿಸುವುದಾಗಿತ್ತು.

ತಳ್ಳುವ ಮನುಷ್ಯನೂ ಬೇಡವಾದದ್ದು ನಾನು ತಿಳಿದಿದ್ದಷ್ಟು ಇತ್ತೀಚೆಗಲ್ಲ. 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷವೇ, ಅಮೆರಿಕದಲ್ಲಿ ‘ಮೋಬಾಟ್’ ಎಂಬ ಯಂತ್ರ ಬಂತು. ಬ್ಯಾಟರಿಯಿಂದ ಓಡುವುದು, ನೆಲದಲ್ಲಿ ಹೂತ ತಂತಿ ಸಿಕ್ಕಿದಾಗ ತಿರುಗುವುದು, ಗೊತ್ತುಗುರಿಯಿಲ್ಲದೆ ಸುತ್ತುತ್ತಲೇ ಎಲ್ಲ ಹುಲ್ಲನ್ನೂ ಮುಗಿಸುವುದು. ಮಗಳ ಹಿತ್ತಿಲಿನಲ್ಲಿ ನಾವು ಎಳೆದ ತಂತಿಯ ಉಪಾಯ ಅಂದೇ ಇತ್ತು. 1995ರಲ್ಲಿ ಸ್ವೀಡನ್ನಿನ ಹುಸ್ಕ್‌ವರ್ನಾ ಕಂಪನಿ ಬಿಸಿಲಿನಿಂದಲೇ ನಡೆಯುವ ಹುಲ್ಲಿನ ರೋಬಾಟನ್ನು ಮಾರಾಟಕ್ಕೆ ಇಟ್ಟಿತು. ಇಸ್ರೇಲಿನವರ ‘ರೋಬೊಮೋ’ ಕೂಡ ಅದೇ ದಶಕದ್ದು.

ಹುಸ್ಕ್‌ವರ್ನಾ ಎಂಬ ಊರು ಇರುವುದು ಮಗಳ ಮನೆಗೆ ತೀರ ಹತ್ತಿರದಲ್ಲಿ. ಒಂದು ಭಾನುವಾರ ನನ್ನ ಮುಖ ನೋಡಲಾರದೆ ಇರಬೇಕು, ಅಳಿಯ ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಜಲಪಾತದ ಬಲ ನೋಡಿಕೊಂಡು 1689ರಲ್ಲಿ ಅಲ್ಲಿ ಸ್ವೀಡನ್ ದೊರೆಯ ಸೈನ್ಯಕ್ಕೆ ಕೋವಿ ಮಾಡುವ ಕೆಲಸ ಶುರುವಾಯಿತು. ಕೋವಿಗೆ ಗಿರಾಕಿ ಕಡಿಮೆಯಾದಾಗ ಅದೇ ಕೈಗಳು 1872ರಿಂದ ಹೊಲಿಗೆ ಯಂತ್ರ ಮಾಡಿದವು. ಆಮೇಲೆ ಸೈಕಲ್ಲು, 1903ರಿಂದ ಮೋಟಾರ್ ಸೈಕಲ್ಲು, 1959ರಿಂದ ಮರ ಕೊಯ್ಯುವ ಗರಗಸ. ಕಾರ್ಖಾನೆಯ ಕಥೆ ಕೇಳಲು ಸೊಗಸು: ಒಂದು ಕೆಲಸ ಹೋದರೆ ಇನ್ನೊಂದನ್ನು ಕಲಿಯಿತು. ಕಾರ್ಖಾನೆಗೆ ಮುನ್ನೂರು ವರ್ಷ ಸಮಯವಿತ್ತು. ಬಟ್ಟೆ ಕತ್ತರಿಸುತ್ತಿದ್ದವನಿಗೆ, ತೆನೆ ಬಡಿಯುತ್ತಿದ್ದವನಿಗೆ ಮುಂದಿನ ಶನಿವಾರದ ಕೂಲಿಯವರೆಗೆ ಮಾತ್ರ ಸಮಯವಿತ್ತು. ವ್ಯತ್ಯಾಸ ಇರುವುದು ಇಲ್ಲಿ ಎಂದು ನನಗೆ ತೋರಿತು.

ಇತ್ತ ಹಿತ್ತಿಲಿನಲ್ಲಿ ಯಂತ್ರ ತನ್ನ ಪಾಡಿಗೆ ತಾನು ತಿರುಗಾಡತೊಡಗಿತ್ತು. ಆಮೆಯಂಥ ಆಕಾರ. ಹೊಟ್ಟೆಯ ಕೆಳಗಿನ ತಟ್ಟೆಗೆ ಶೇವಿಂಗ್ ಬ್ಲೇಡಿನಂಥ ಮೂರು ಸಣ್ಣ ಅಲಗುಗಳನ್ನು ಸಡಿಲವಾಗಿ ಸಿಕ್ಕಿಸಿರುತ್ತದೆ. ಕಲ್ಲು ತಗುಲಿದರೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಎತ್ತಿದರೆ ಅಥವಾ ಮಗುಚಿದರೆ ಅಲಗು ನಿಲ್ಲುತ್ತದೆ. ಕದ್ದವನಿಗೆ ಗುಪ್ತಸಂಖ್ಯೆ ಗೊತ್ತಿಲ್ಲದಿದ್ದರೆ ಅದು ನಡೆಯುವುದೇ ಇಲ್ಲ. ದಿನಾ ಕೂದಲೆಳೆಯಷ್ಟು ಕತ್ತರಿಸುವುದರಿಂದ ತುಣುಕನ್ನು ಗುಡಿಸುವ ಕೆಲಸವಿಲ್ಲ. ಅಲ್ಲೇ ಬಿದ್ದು ಗೊಬ್ಬರವಾಗುತ್ತದೆ. ಸದ್ದೂ ಅಷ್ಟಕ್ಕಷ್ಟೇ. ನಾನು ಮೂಡಿಸುತ್ತಿದ್ದ ಸಾಲುಗಳು ಮಾತ್ರ ಇಲ್ಲ. ಕುರ್ಚಿಯಲ್ಲಿ ಕೂತು ನಾನು ಅದರ ತಪ್ಪುಗಳನ್ನು ಎಣಿಸುತ್ತಿದ್ದೆ.

ಮೊದಲ ತಪ್ಪು ನನ್ನದೇ ಆಯಿತು. ಮೂಲೆಯಲ್ಲಿ ಕೊತ್ತಂಬರಿ ಬಿತ್ತಲು ಸಲಿಕೆ ಹಾಕಿದೆ. ಮರುಗಳಿಗೆ ಯಂತ್ರ ನಿಂತಲ್ಲೇ ನಿಂತಿತು, ಗೂಡಿನ ದೀಪದ ಬಣ್ಣ ಬದಲಾಯಿತು. ಹುಲ್ಲು ಮುಚ್ಚಿದ ತಂತಿಯನ್ನು ತುಂಡು ಮಾಡಿದ್ದೆ. ಸಂಜೆ ಏಳು ವರ್ಷದ ಮೊಮ್ಮಗ ಅಪ್ಪನೊಂದಿಗೆ ಕೂತು ಸೇರುವೆ ಹಾಕಿದ. ಮೇಣ ತುಂಬಿದ ಸಣ್ಣ ಡಬ್ಬಿಯೊಳಗೆ ಎರಡೂ ತುದಿಯಿಟ್ಟು ಇಕ್ಕಳದಿಂದ ಒತ್ತಿದರೆ ಸರಿ, ನೀರು ಹೋಗುವುದಿಲ್ಲ. “ಅಜ್ಜ, ನಿನಗೆ ರೋಬಾಟ್ ಮೇಲೆ ಸಿಟ್ಟಾ?” ಎಂದು ಮೊಮ್ಮಗ ಕೇಳಿದ. ಮಗಳು ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ಅವಳಿಗೂ ಅದೇ ಅನುಮಾನವಿತ್ತೆಂದು ಆಗ ತಿಳಿಯಿತು.

ಅವತ್ತು ರಾತ್ರಿ, ರಾತ್ರಿಯೆಂದರೆ ಹತ್ತು ಗಂಟೆಯ ಆ ದೇಶದ ಬೆಳಕಿನಲ್ಲಿ, ನಾವಿಬ್ಬರೂ ಹೊರಗೆ ಕೂತೆವು. “ಅಮ್ಮಮ್ಮ ಹುಲ್ಲು ಹೊತ್ತು ಹೊತ್ತು ಕುತ್ತಿಗೆ ನೋವೆಂದು ರಾತ್ರಿ ನರಳುತ್ತಿದ್ದಳು ಎಂದು ನೀನೇ ಹೇಳುತ್ತಿದ್ದೆಯಲ್ಲ ಅಪ್ಪಾ. ಅವಳಿಗೆ ಇಂಥದ್ದೊಂದು ಇದ್ದಿದ್ದರೆ ಬೇಡ ಎನ್ನುತ್ತಿದ್ದೆಯಾ?” ಎಂದಳು. ಇಲ್ಲ ಎಂದೆ. ನಿಜಕ್ಕೂ ಇಲ್ಲ. ಅಮ್ಮನ ಬೆರಳಿನ ತುದಿಯನ್ನು ಉಳಿಸುವ ಯಾವ ಯಂತ್ರವನ್ನೂ ನಾನು ಕೈ ಮುಗಿದು ಮನೆಗೆ ತರುತ್ತಿದ್ದೆ. ಹಾಗಾದರೆ ನನ್ನ ತಕರಾರು ಯಂತ್ರದ ಮೇಲಲ್ಲ. ಯಂತ್ರ ಬಿಡಿಸಿದ ಕೈಗೆ ಆಮೇಲೆ ಏನು ಕೊಡುತ್ತೀರಿ ಎಂಬುದರ ಮೇಲೆ. “ನನಗೆ ಕುರ್ಚಿ ಬೇಡ ಮಗಾ, ಏನಾದರೂ ಕೆಲಸ ಕೊಡು” ಎಂದೆ. ಅಷ್ಟು ಹೇಳಲು ನನಗೆ ಮೂರು ವಾರ ಹಿಡಿದಿತ್ತು.

ನಾವು ಮಾತಾಡುತ್ತಿದ್ದಾಗಲೇ ಸೇಬಿನ ಮರದ ಬುಡದಿಂದ ಒಂದು ಪ್ರಾಣಿ ಹೊರಬಂದಿತು. ನಮ್ಮ ಮುಳ್ಳುಹಂದಿಯ ಸಣ್ಣ ರೂಪದಂತೆ ಕಾಣುತ್ತದೆ, ಆದರೆ ಜಾತಿ ಬೇರೆ, ಹೆಡ್ಜ್‌ಹಾಗ್ ಎನ್ನುತ್ತಾರೆ. ಹುಳಹುಪ್ಪಟೆ ತಿನ್ನುವ ಸಾಧುಪ್ರಾಣಿ. ಅಪಾಯ ಬಂದರೆ ಓಡುವುದಿಲ್ಲ, ಮುದ್ದೆಯಾಗಿ ಮುದುಡಿಕೊಳ್ಳುತ್ತದೆ. ನರಿಗೆ ಸರಿಯಾದ ಈ ಉಪಾಯ ಯಂತ್ರದ ಮುಂದೆ ನಡೆಯುವುದಿಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹದಿನೆಂಟು ಬಗೆಯ ರೋಬಾಟುಗಳನ್ನು ಸತ್ತ ಹೆಡ್ಜ್‌ಹಾಗ್‌ಗಳ ಮೇಲೆ ಪರೀಕ್ಷಿಸಿದಾಗ, ಮೈಗೆ ತಗುಲುವ ಮುಂಚೆ ಅದನ್ನು ಗುರುತಿಸಿದ ಯಂತ್ರ ಒಂದೂ ಇರಲಿಲ್ಲ. ಕೆಲವು ತಗುಲಿ ಹಿಂದೆ ಸರಿದವು, ಕೆಲವು ಗಾಯ ಮಾಡಿದವು. ಜರ್ಮನಿಯ ಕಲೋನ್ ನಗರ 2024ರಲ್ಲಿ ರಾತ್ರಿ ಹೊತ್ತು ಈ ಯಂತ್ರ ಓಡಿಸಬಾರದೆಂದು ಕಟ್ಟಳೆ ಮಾಡಿತು.

ಮರುದಿನ ಅಳಿಯ ಯಂತ್ರದ ವೇಳಾಪಟ್ಟಿ ಬದಲಿಸಿ ಹಗಲಿಗೆ ಮಾತ್ರ ಇಟ್ಟ. ನಾನೂ ಮೊಮ್ಮಗನೂ ಸೇಬಿನ ಮರದ ಕಡೆಯ ಗೂಟ ಕಿತ್ತು, ತಂತಿಯನ್ನು ಒಳಕ್ಕೆ ಸರಿಸಿ, ಎರಡು ಅಂಕಣದಷ್ಟು ಜಾಗವನ್ನು ಯಂತ್ರದ ಎಲ್ಲೆಯಿಂದ ಹೊರಗಿಟ್ಟೆವು. ಅಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದು ಹೂಬಿಟ್ಟಿತು, ದುಂಬಿ ಬಂದವು. ಆ ಜಾಗದ ಉಸ್ತುವಾರಿ ನನ್ನದು. ಆಗಸ್ಟ್ ಕೊನೆಗೆ, ಹೊರಡುವ ಹಿಂದಿನ ದಿನ, ಪ್ರಾಣಿ ಇಲ್ಲವೆಂದು ಕೋಲಿನಿಂದ ಮೆಲ್ಲನೆ ಸವರಿ ನೋಡಿ, ಹಳೆಯ ಸಾಮಾನಿನ ಅಂಗಡಿಯಿಂದ ತಂದ ಕುಡುಗೋಲಿನಿಂದ ಅದನ್ನು ಕೊಯ್ದೆ. ಇಬ್ಬನಿ ಆರುವ ಮುಂಚೆ, ಬೆಳಗ್ಗೆ ಐದಕ್ಕೆ. ಅರ್ಧ ಗಂಟೆಯ ಕೆಲಸ. ತಲೆ ತಿರುಗಲಿಲ್ಲ. ಒಣಗಿಸಿದ ಹುಲ್ಲನ್ನು ಮೊಮ್ಮಗ ತನ್ನ ಗೆಳೆಯನ ಮೊಲಗಳಿಗೆ ಒಯ್ದ.

“ದನ ಎಲ್ಲಿ?” ಎಂದು ಅಮ್ಮ ಕೇಳಿದ್ದಳಲ್ಲ. ದನ ಇರಲಿಲ್ಲ, ಮೊಲ ಇತ್ತು ಎಂದು ಈಗ ಅವಳಿಗೆ ಹೇಳಬಹುದಿತ್ತು.